ಏಳನೇ ನಂಬರಿನ ಬೂಟಿನ ಡಬ್ಬಿ

ಭಾನುವಾರ ಬೆಳಗ್ಗೆ ಬೇಲಿಯ ಕಂಬದ ಮೇಲೆ
ಒಂದು ಬೂಟಿನ ಡಬ್ಬಿ. ಏಳನೇ ನಂಬರು, ಹೆಂಗಸರದು.
ಒಳಗೆ ಹತ್ತಿ ಹಾಸಿ ಮಲಗಿಸಿದ್ದಾಳೆ:
ಒಂದು ಹಾವುರಾಣಿ, ಬಾಲವಿಲ್ಲ;
ಎರಡು ಬೆಳ್ಗಣ್ಣ, ಒಂದಕ್ಕೆ ತಲೆಯಿಲ್ಲ.
ಪ್ರತಿಯೊಂದರ ಕಾಲಿಗೂ ದಾರ, ದಾರಕ್ಕೆ ಚೀಟಿ,
ಚೀಟಿಯಲ್ಲಿ ತಾರೀಕು, ಸಿಕ್ಕ ಜಾಗ:
ನೀರಿನ ತೊಟ್ಟಿ ಹತ್ತಿರ.
ಬಟಾಣಿ ಸಾಲು.
ಮೆಟ್ಟಿಲ ಕೆಳಗೆ, ಇನ್ನೂ ಬಿಸಿಯಿತ್ತು.
ಬೈಗುಳ ಒಂದೂ ಇಲ್ಲ.

ಪಕ್ಕದ ಮನೆಯ ರಂಗಿಮಾರಿಯೆ.
ಮೂವತ್ತು ವರ್ಷ ಬಂದರಿನಲ್ಲಿ ಸರಕಿನ ಲೆಕ್ಕ ಬರೆದವಳು,
ಹಡಗು ಹತ್ತಿದ ಒಂದೊಂದು ದಿಮ್ಮಿಗೂ ಸುಣ್ಣದ ಗುರುತು ಹಾಕಿದವಳು.
ಆ ಹೆಸರಿಗೆ ಅವರ ಮಾತಿನಲ್ಲಿ ಶಾಂತಿ ಎಂದು ಅರ್ಥ.

ಡಬ್ಬಿ ಒಳಗೆ ತಂದೆ. ಒಲೆಯ ಪಕ್ಕ
ಶಾಂತಿಯೇ ಮೈತಾಳಿದಂತೆ ಮಲಗಿದ್ದ ಬಿಷಪ್:
ಕರಿ ಮೈ, ಕತ್ತಿಗೆ ಬಿಳಿ ಪಟ್ಟಿ,
ಮುಂಗಾಲೆರಡೂ ಪ್ರಾರ್ಥನೆಗೆಂಬಂತೆ ಮಡಚಿ.
ಇವನಾ?

ಪೋರ್ಟ್ ಚಾಮರ್ಸಿನ ಈ ಏರಿನಲ್ಲಿ
ಪಿಯಾನೋ ಶ್ರುತಿ ಮಾಡಿ ಬದುಕುವವ ನಾನು, ಕಿವಿ ನಂಬಿದವ.
ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು
ಇಲಿಗಳು ಸಭೆ ಸೇರಿ ಕೇಳಿದವಲ್ಲ,
ಕಟ್ಟಿದೆ, ನಾನೇ, ಎಂಟು ಡಾಲರ್ ಕೊಟ್ಟು.
ಹಿತ್ತಾಳೆಯದು. ಮೇಲಿನ ಷಡ್ಜಕ್ಕಿಂತ ಕೂದಲೆಳೆ ಕೆಳಗೆ.
ನಾಲ್ಕು ದಿನ ಹಿತ್ತಿಲೆಲ್ಲ ಟಿಣಿ ಟಿಣಿ.

ಐದನೇ ದಿನ ಕಿಟಕಿಯಿಂದ ಕಂಡೆ.
ತುಂಬಿದ ಕೊಡ ಹೊತ್ತವಳ ಹಾಗೆ
ಕುತ್ತಿಗೆ ಅಲುಗಿಸದೆ
ಒಂದು ಹೆಜ್ಜೆ.
ಇನ್ನೊಂದು.
ಕೋವಾಯ್ ಮರದ ಹಳದಿ ಹೂಗೊಂಚಲು ನೆಲಕ್ಕೆ ತಾಗುವಲ್ಲಿ
ತಲೆಕೆಳಗಾಗಿ ಮಕರಂದ ಹೀರುತ್ತಿತ್ತು ಗಂಟೆಹಕ್ಕಿ.
ಅದು ಮೂರು ಸ್ವರ ಹಿಡಿದರೆ
ನನ್ನ ಶ್ರುತಿಕವೆ ನಾಚಬೇಕು.
ಎರಡು ಹಾಡಿತು.

ಗಂಟೆ ಆಗ ಬಾರಿಸಿತು, ಒಮ್ಮೆ,
ಕೆಲಸ ಮುಗಿದ ಮೇಲೆ.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ. ಸುಳ್ಳು.
ಬಿಷಪ್ ತೆರೆದ ಕಣ್ಣಲ್ಲೇ ಕುಡಿಯುತ್ತಾನೆ, ತೆರೆದ ಕಣ್ಣಲ್ಲೇ ಕೊಲ್ಲುತ್ತಾನೆ.
ಕಣ್ಣು ಮುಚ್ಚಿದ್ದವನು
ಹಾಲು ಹೊಯ್ದವನು.

ಆಕೆ ಮೂಲಂಗಿ ಪಾತಿಯಲ್ಲಿ ಮಂಡಿಯೂರಿ
ಬಿಷಪ್ಪನ ಇನ್ನೊಂದು ಬಗೆಯ ಕೊಡುಗೆಯನ್ನು
ಕರಣೆಯಲ್ಲಿ ಎತ್ತಿ ಎತ್ತಿ ಎಸೆಯುತ್ತಿದ್ದಳು.
‘ಇದಕ್ಕೆ ಮಾತ್ರ ನಾನು ಚೀಟಿ ಬರೆಯುವುದಿಲ್ಲ’ ಎಂದಳು.
ಡಬ್ಬಿ ಚಾಚಿದೆ. ಒಳಗೆ ಗಂಟೆಹಕ್ಕಿ,
ಕಾಲಿಗೆ ನಾನೇ ಕಟ್ಟಿದ ಚೀಟಿ, ತಾರೀಕು,
ಜಾಗ: ನನ್ನ ಕಣ್ಣೆದುರು.

ಓದಿದಳು. ಮಣ್ಣಿನ ಕೈ ಒರಸಿಕೊಂಡು ಇನ್ನೊಮ್ಮೆ ಓದಿದಳು.
‘ಶೆಡ್ಡಿನಲ್ಲಿ ಬಲೆ ಇದೆ, ಹಳೆಯದು.
ಏಣಿ ನೀನು ಹಿಡಿ.’

ಜಗಲಿಗೆ ಸುತ್ತ ಬಲೆ ಬಿತ್ತು. ಆರು ವಾರ
ಬಂದರಿನ ಕ್ರೇನುಗಳೂ ಕಿವಿ ಮುಚ್ಚಿಕೊಳ್ಳುವಂತೆ
ಬಿಷಪ್ ರಾತ್ರಿಯೆಲ್ಲ ಗೋಳಾಡಿದ.
ಬೀಸಣಿಗೆ ಬಾಲದ ಒಂದು ಹಕ್ಕಿ ಬಲೆಯ ಈಚೆ ಗೇಣು ದೂರದಲ್ಲಿ
ಸೊಳ್ಳೆ ಹಿಡಿಯುತ್ತಾ ಕುಣಿಯಿತು; ಅವನ ಹಲ್ಲು ಕಟಕಟ.
ಪಾಪ ಎನಿಸಿತು. ಯಾರ ಬಗ್ಗೆ ಎಂದು
ಕೇಳಬೇಡಿ.

ಮೊನ್ನೆ ಭಾನುವಾರ ಮತ್ತೆ ಕಂಬದ ಮೇಲೆ ಡಬ್ಬಿ.
ಎದೆ ಝಲ್ಲೆಂದಿತು. ಬೆಳ್ಗಣ್ಣ, ಎಳೆಯದು.
ಚೀಟಿಯಲ್ಲಿ: ನಿನ್ನವನಲ್ಲ. ಬೂದು ಬೆಕ್ಕು, ಮೇಲಿನ ಬೀದಿ.
ಯಾರದೆಂದು ಗೊತ್ತೆ?

ಗೊತ್ತು. ಪ್ರತಿ ಮಾರ್ಚಿನಲ್ಲಿ ಆ ಮನೆಗೆ ಹೋಗುತ್ತೇನೆ,
ಅವರ ಪಿಯಾನೋದ ಮಂದ್ರ ಎಷ್ಟು ಬಿಗಿದರೂ ಇಳಿಯುತ್ತದೆ.
ಡಬ್ಬಿ ಬಗಲಲ್ಲಿಟ್ಟು ಏರು ಹತ್ತಿ ಬಾಗಿಲು ತಟ್ಟಿದೆ.
ತೆರೆದವಳಿಗೆ ಎಂಟು ವರ್ಷವಿರಬಹುದು,
ಮುಂದಿನ ಹಲ್ಲು ಒಂದಿಲ್ಲ.
ಹೆಗಲ ಮೇಲೆ ಬೂದು ಬೆಕ್ಕು,
ಕಣ್ಣು ಮುಚ್ಚಿಕೊಂಡು.
‘ನನಗೇನಾ?’ ಎಂದಳು, ಡಬ್ಬಿಯ ಕಡೆ
ಎರಡೂ ಕೈ ಚಾಚಿ.