ಖಳೆಂ

ರಾತ್ರಿ ಎರಡು. ಬೈತಖೋಲದ ಐಸು ಫ್ಯಾಕ್ಟರಿ.
ಅಮೋನಿಯದ ಘಾಟಿನಲ್ಲಿ ಪುರ್ಸು
ಡಬ್ಬ ಮಗುಚಿ, ಸೊಂಟದೆತ್ತರದ ಐಸನ್ನು
ಕೊಕ್ಕೆ ಹಾಕಿ ಎಳೆದು
ಯಂತ್ರದ ಬಾಯಿಗೆ ಕೊಡುತ್ತಾನೆ.
ಆಚೆ ಬದಿ ಪುಡಿ, ಬುಟ್ಟಿ, ಬಂಗಡೆ.

ಬೀಡಿಗೆಂದು ಹೊರಬಂದವನು
ಕತ್ತೆತ್ತಿ ಹಾಗೇ ನಿಂತ:
ಚಂದ್ರನಿಂದ ಮಾರು ದೂರ ಬಿಟ್ಟು
ಒಂದು ಬಳೆ. ಒಳಗೆಲ್ಲ ಕಪ್ಪು,
ಒಳಂಚಿಗೆ ತುಕ್ಕಿನಷ್ಟು ಕೆಂಪು.

‘ಖಳೆಂ ಬಿದ್ದಿದೆ,’ ಅಂದಳು ಶೇವಂತಿ,
‘ನಾಳೆ ಗಾಳಿ. ಬೋಟು ಇಳಿಸಬೇಡಿ ಅನ್ನು.’
ಖಳೆಂ ಅಂದರೆ ಭತ್ತ ಬಡಿಯುವ ಕಣವೂ ಹೌದು.
ಅವಳ ಅಜ್ಜಿಗೆ ಗದ್ದೆಯಿರಲಿಲ್ಲ,
ಮಾತಿತ್ತು.

ಲೆಕ್ಕ ಬರೆಯುವ ಹುಡುಗ ಇನಾಸ
ಪುಸ್ತಕದಿಂದ ತಲೆಯೆತ್ತದೆ ಹೇಳಿದ:
‘ಅದೂ ಐಸೇ. ಅಷ್ಟು ಮೇಲಿನ ಮೋಡ
ಬರೀ ಐಸಿನ ಹುಡಿ. ಹರಳಿಗೆ ಆರು ಮೂಲೆ.
ಬೆಳಕು ಒಳಹೊಕ್ಕು ಬಾಗಿ ಬರುತ್ತದೆ.’

ಪುರ್ಸು ಅಂಗೈ ನೋಡಿಕೊಂಡ.
ಇಪ್ಪತ್ತು ವರ್ಷದ ಐಸು.
ಬಿರಿದ ಗೆರೆಗಳು.
ಒಂದು ದಿನವೂ ಬಣ್ಣ ಬಿಟ್ಟದ್ದಿಲ್ಲ.

‘ಅಲ್ಲಿ ಒಡೆಯುವವರು ಯಾರು?’

ಇನಾಸನ ಪುಸ್ತಕದಲ್ಲಿ ಅದಿರಲಿಲ್ಲ.
ದಕ್ಕೆಯಲ್ಲಿ ಬೋಟೊಂದು ಹಾರ್ನು ಹೊಡೆಯಿತು,
ಇನ್ನೂ ಹನ್ನೆರಡು ಬುಟ್ಟಿ ಬೇಕಂತೆ.

ಒಳಹೋಗುವ ಮುನ್ನ ಪುರ್ಸು
ಒಂದು ಚಿಟಿಕೆ ಐಸು ಎತ್ತಿ
ಚಂದ್ರನಿಗೆ ಅಡ್ಡ ಹಿಡಿದ, ಒಂದು ಕಣ್ಣು ಮುಚ್ಚಿ.
ಏನು ಕಂಡನೋ.
ನೀರು ಮೊಣಕೈವರೆಗೆ ಇಳಿದು
ಅಂಗಿಯ ತೋಳೊಳಗೆ ಹೋಯಿತು.