ಎಂಬತ್ತರ ನಡುಕ

ಎಪ್ಪತ್ತರ ತನಕ ಏನೂ ಇಲ್ಲ.
ಎಪ್ಪತ್ತೆಂಟಕ್ಕ ಸಣ್ಣಗ ಸುರು,
ತಿರುಗೋ ಬೀಸುಕಲ್ಲಿನ ಮ್ಯಾಲ ಕೈ ಇಟ್ಟಂಗ.
ಎಂಬತ್ತೈದಕ್ಕ ಕನ್ನಡಿಯೊಳಗಿನ ರಸ್ತೆ ಎರಡಾಗ್ತದ,
ಹಿಂದ ಬರೋ ಲಾರಿಗೆ ನಾಕು ಕಣ್ಣು.
ತೊಂಬತ್ತೈದು ದಾಟಿದ್ರ ಮತ್ತ ಮಾಯ,
ಯಾರೋ ಬೈದು ಸುಮ್ಮನ ಕುಂಡ್ರಿಸಿದಂಗ.

ಪಿಕಪ್ ತಂದು ಇಪ್ಪತ್ತಾರು ದಿನ.
ಸೀಟಿನ ಪ್ಲಾಸ್ಟಿಕ್ ಇನ್ನೂ ಹರದಿಲ್ಲ.
ಪೂಜಾದ ದಿನ ನಾಕು ಗಾಲಿಗೆ ನಾಕು ಲಿಂಬಿ,
ನಮ್ಮ ತ್ವಾಟದ್ವ, ಇಂಡಿ ಲಿಂಬಿ, ತೆಳು ಸಿಪ್ಪಿ,
ಪಚಕ್ ಅಂದ ಸಪ್ಪಳ ಇನ್ನೂ ಕಿವ್ಯಾಗದ.

"ಎಂಬತ್ತಕ್ಕ ನಡುಗೋದು ಮನುಷ್ಯಾರ ಧರ್ಮ,
ಇದಕ್ಕಿನ್ನೂ ತಿಂಗಳು ತುಂಬಿಲ್ಲಲ್ಲ?"
ಅಂದಳು ಭೌರಮ್ಮ.

ವಿಜಯಪುರದ ಶೋರೂಮಿನ್ಯಾಗ ಟೈ ಕಟ್ಟಿದ ಹುಡುಗ
ಸ್ಟೇಶನ್ ರೋಡಿನ ಗದ್ದಲದಾಗ ನಲವತ್ತರ ಮ್ಯಾಲ ಹೋಗಲಿಲ್ಲ.
"ಎಲ್ಲದರೀ ಕಾಕಾ ನಡುಕ?" ಅಂದ.
ಇರಾಂಗಿಲ್ಲ ತಮ್ಮಾ, ನಲವತ್ತಕ್ಕ ಯಾರೂ ನಡುಗಾಂಗಿಲ್ಲ.
ನಾಕೂ ಗಾಲಿ ಬಿಚ್ಚಿ, ಮಷಿನ್ ಮ್ಯಾಲ ತಿರುವಿ,
ಅಂಚಿಗೆ ಸೀಸದ ತುಂಡು ಬಡದು,
"ಹೊಸದು, ಓಡಿ ಓಡಿ ಸೆಟ್ ಆಗ್ತದ" ಅಂತ
ಚಾ ಕುಡಿಸಿ ಕಳಿಸಿದ.

ಹೊರ್ತಿ ದಾಟಿದ್ದ ತಡ, ಮತ್ತ ಬಂತು.

ಒಬ್ಬ ಅಂದ, ದೃಷ್ಟಿ ಆಗ್ಯದ. ಇನ್ನೊಬ್ಬ, ಗಾಳಿ ಹೆಚ್ಚಾಗ್ಯದ.
ನಮ್ಮ ಅಳಿಯ ಅಂದ,
"ತೊಂಬತ್ತೈದರ ಮ್ಯಾಲ ಹೊಡೀರಿ ಮಾಮಾ, ಮುಗೀತು."

ಝಳಕಿ ಕ್ರಾಸಿನ ತಗಡಿನ ಶೆಡ್ಡು. ಲಾಡ್ಲೇಸಾಬ
ಬಾನೆಟ್ ಮುಟ್ಟಲಿಲ್ಲ, ಮೊದಲ ಕೇಳಿದ:
"ಕೈ ನಡುಗ್ತಾವೋ, ಕುಂಡಿ ನಡುಗ್ತದೋ?"
ನಾ ನಾಚಿದೆ. ಭೌರಮ್ಮ ನಾಚಲಿಲ್ಲ:
"ಸ್ಟೇರಿಂಗ್ ಸುಮ್ಮನದರಿ. ನಾ ಕುಂತಲ್ಲೆ ಬರ್ತದ,
ಬೆನ್ನೆಲುಬಿನ ತಳಕ್ಕ."
"ಹಂಗಾದ್ರ ಮುಂದಿನ ಗಾಲಿದು ತಪ್ಪಿಲ್ಲಕ್ಕಾ," ಅಂದ ಬೀಡಿ ಆರಿಸಿ.

ಜೋಡಿ ಬಂದ. ಎಂಬತ್ತೈದಕ್ಕ ನ್ಯೂಟ್ರಲ್ ಮಾಡಂದ. ಮಾಡಿದೆ.
ಇಂಜಿನ್ ಉಸಿರು ಬಿಟ್ಟು ಕುಂತಿತು,
ನಡುಕ ಕುಂಡ್ರಲಿಲ್ಲ.
"ಇಂಜಿನ್ನೂ ಬಿಡುಗಡೆ," ಅಂದ
ಕೋರ್ಟಿನ ಕಾರಕೂನನಂಗ.

ಅಂಗಾತ ಮಲಗಿ, ಟಾರ್ಚು ಹಲ್ಲಾಗ ಕಚ್ಚಿ,
ನಡುವಿನ ಉದ್ದ ಕಬ್ಬಿಣದ ಕೊಳವಿ ಸವರಿದ,
ಆಕಳ ಹೊಟ್ಟಿ ಸವರಿ ಗಬ್ಬ ನೋಡಿದಂಗ.
ಬಾಳ ಹೊತ್ತು ಸದ್ದಿಲ್ಲ. ಹೊರಗ ಬರೇ ಎರಡು ಪಾದ, ಒಂದು ಚಪ್ಪಲಿ.
ಆಮ್ಯಾಲ ತಳದಿಂದ ಒಂದು ಪ್ರಶ್ನೆ:
"ಗಾಡಿ ತಾನ ಓಡಿ ಬಂತೋ ಮಾಲಕ, ಹೊತ್ಕೊಂಡು ತಂದ್ರೋ?"

ಹೊತ್ಕೊಂಡ. ನೆನಪದ ನನಗ:
ಇನ್ನೊಂದು ಗಾಡಿಯ ಬೆನ್ನ ಮ್ಯಾಲ ಮುಂಗಾಲು ಏರಿಸಿ
ಹಿಂಗಾಲು ಅಷ್ಟ ಡಾಂಬರಿಗೆ ಹಚ್ಚಿ ಬಂದಿತ್ತು.
ಹಂಗ ತರೂಮುಂದ ಈ ಕೊಳವಿ ಬಿಚ್ಚಿರ್ತಾರಂತ,
ಮುಟ್ಟಿದ ಮ್ಯಾಲ ಕೂಡಸ್ತಾರಂತ.

"ಬಂದು ನೋಡ್ರಿ."
ಇಸ್ತ್ರಿ ಅಂಗಿ ಮ್ಯಾಲ ನಾನೂ ಮಣ್ಣಾಗ ಮಲಗಿದೆ.
ಹಳದಿ ಬಣ್ಣದ ಎರಡು ಬೊಟ್ಟು, ಉಗುರಿನಷ್ಟ.
ಮಾರಿಗೆ ಮಾರಿ ಕೊಟ್ಟು ನಿಂದ್ರಬೇಕಾದವು,
ಒಂದು ಮುಗಲು ನೋಡ್ತದ, ಇನ್ನೊಂದು ನೆಲ.

ನಾಕು ಬೋಲ್ಟು. ಅರ್ಧ ತಾಸು. ಮುನ್ನೂರು ರೂಪಾಯಿ,
ಮತ್ತ ಅವನ ಮನಿ ಉಪ್ಪಿನಕಾಯಿಗೆ ಒಂದು ಚೀಲ ಲಿಂಬಿ.

ಅವತ್ತು ಯಾವನೋ ಈ ಬೋಲ್ಟು ಬಿಗಿದಿರಬೇಕು.
ಬೆಳಕಿರಲಿಲ್ಲೋ, ಹಸದಿದ್ದನೋ,
ಇನ್ನಾರು ಗಾಡಿ ಸಾಲಾಗಿ ಕಾಯ್ತಿದ್ವೋ.
ಬಿಗಿ ಮಾತ್ರ ಚಲೋ ಬಿಗಿದಾನ,
ಲಾಡ್ಲೇಸಾಬನ ಪಾನಾ ಎರಡು ಸಲ ಜಾರಿತು.
ಬೊಟ್ಟು ಅಷ್ಟ ನೋಡಿಲ್ಲ.

ಸೊಲ್ಲಾಪುರದ ಕಡೆ ಮಾರಿ ತಿರುವಿದೆ.
ಎಪ್ಪತ್ತೆಂಟು. ಉಸಿರು ಹಿಡದೆ.
ಎಂಬತ್ತೈದು. ಕನ್ನಡಿಯೊಳಗ ಒಂದ ರಸ್ತೆ,
ಲಾರಿಗೆ ಎರಡ ಕಣ್ಣು.

ಬಾಜೂಕ ನೋಡಿದೆ. ಭೌರಮ್ಮ ತೊಡಿ ಮ್ಯಾಲ
ಸ್ಟೀಲ್ ಗಿಲಾಸ ಇಟ್ಕೊಂಡು ಕುಂತಾಳ, ಅಂಚಿನ ತನಕ ನೀರು.
ಇಡು ಅಂತ ನಾ ಹೇಳಿರಲಿಲ್ಲ.
ಎಲ್ಲಿಂದ ಹಿಡ್ಕೊಂಡು ಕುಂತಿದ್ದಳೋ.

"ಇನ್ನರ ಕುಡೀಲೇನು?" ಅಂದಳು.