ಗೆರೆಯಿಲ್ಲದ ಹೆಬ್ಬೆಟ್ಟು

ಕ್ಯಾತನಹಳ್ಳಿ ದಾರಿಯ ಟವರಿನ ತುದಿಯಲ್ಲಿ
ಹದ್ದು ಗೂಡು ಕಟ್ಟಿದೆ.
ಕಂಪ್ಯೂಟರಿನ ಮಾತು ಕೇಳಿ ಏಳುತ್ತಿದ್ದ ನಾಲೆಯ ತೂಬು
ಅರ್ಧ ಎದ್ದು ಹಾಗೇ ನಿಂತಿದೆ.
ಜವರಯ್ಯ ಗಡಾರಿ ಹಾಕಿ ಮೀಟುತ್ತಾನೆ, ಬೈಯುತ್ತ.

ನಾನು ಸೇವಾ ಕೇಂದ್ರದವಳು.
ಪಹಣಿ, ಆಧಾರು, ವಿಧವಾ ವೇತನ, ರೇಷನ್ನು.
ಕೊಪ್ಪಲಿನ ಮುನ್ನೂರು ಮನೆಯ ಬೆರಳು
ನನ್ನ ಮೇಜಿನ ಕೆಂಪು ಗಾಜನ್ನು ಮುಟ್ಟಿ ಹೋಗಿವೆ.
ಗಾಜು ಒಪ್ಪದ್ದು ಒಬ್ಬಳನ್ನೇ, ನಿಂಗಾಜಮ್ಮನನ್ನು.

ನಲವತ್ತು ವರ್ಷ ಕಬ್ಬು ಕಡಿದ ಕೈ.
ಸೋಗೆ, ಕುಡುಗೋಲಿನ ಹಿಡಿ, ಬೂದಿ, ಸುಣ್ಣ
ತಿಂದು ತಿಂದು ಬೆರಳು ಹೊಳೆಕಲ್ಲಿನ ಹಾಗೆ.
ಒರೆಸಿದೆ. ಕೊಬ್ಬರಿ ಎಣ್ಣೆ ಹಚ್ಚಿಸಿದೆ.
ಎಡಗೈ, ಬಲಗೈ, ಉಂಗುರದ ಬೆರಳು, ಕಿರುಬೆರಳು.
"ಮ್ಯಾಚಾಗ್ತಿಲ್ಲ ಅಜ್ಜಿ, ನಾಳೆ ಬಾ."
ಆರು ವರ್ಷ ಹೇಳಿದ್ದು ಇಷ್ಟೇ.
ಅವಳು ಪ್ರತಿ ನಾಳೆಯೂ ಬಂದಳು,
ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು.

ಆಮೇಲೆ ನಾಳೆಗಳೇ ನಿಂತವು.
ಬ್ಯಾಂಕು ಬಾಗಿಲು ಹಾಕಿತು, ಸಕ್ಕರೆ ಕಾರ್ಖಾನೆ ಸೀಟಿ ಊದಲಿಲ್ಲ,
ನನ್ನ ಖಾತೆಯ ಅರವತ್ತೆರಡು ಸಾವಿರ
ಯಾವ ಆಕಾಶದಲ್ಲಿದೆಯೋ, ಈಗಲೂ ಇದ್ದರೂ ಇರಬಹುದು.
ಯುಗಾದಿ ಹೊತ್ತಿಗೆ ನಮ್ಮ ಡಬ್ಬಿಗಳ ತಳ ಕಂಡಿತು.
ಹೊಲವಿಲ್ಲ ನಮಗೆ. ಇದ್ದದ್ದು ಒಂದು ಪ್ರಿಂಟರು.

ತಂಗಿಗೆ ಜ್ವರ. ದುಪಟ್ಟದೊಳಗೆ ಪಾತ್ರೆ ಬಚ್ಚಿಟ್ಟು
ನಿಂಗಾಜಮ್ಮನ ಹಟ್ಟಿಗೆ ಹೋದೆ.
ರಾಗಿ ಬೀಸುತ್ತಿದ್ದಳು. ಕಲ್ಲು ನಿಲ್ಲಿಸದೆ ನೋಡಿದಳು.
"ಬೆಟ್ಟು ತೋರ್ಸು" ಅಂದಳು.
ತೋರಿಸಿದೆ.
ಹಿಡಿದಳು, ಸೆರಗಲ್ಲಿ ಒರೆಸಿದಳು,
ಬಾಗಿಲ ಬೆಳಕಿಗೆ ಒಡ್ಡಿ ಕಣ್ಣು ಕಿರಿದು ಮಾಡಿದಳು.
"ಮ್ಯಾಚಾಯ್ತಿಲ್ಲ ಕಣವ್ವ, ನಾಳೆ ಬಾ."

ತಿರುಗಿದೆ. ಹೊಸಿಲು ದಾಟುವಷ್ಟರಲ್ಲಿ
ಹಿಂದಿನಿಂದ ನಗು, ಕೆಮ್ಮಿನಂಥದು.
"ಅಯ್ ಬಾರೇ ಮೂದೇವಿ,
ಹೊಟ್ಟೆ ಕಾಯ್ತದಾ ನಾಳೆಗಂಟ?"
ಮೂರು ಸೇರು ಹಿಟ್ಟು, ತಲೆ ಸವರದೆ ಅಳೆದಳು.
ನಾನು ಅಳಲಿಲ್ಲ. ಅಳಬೇಕಿತ್ತು.

ಈಗ ಪಹಣಿ ಅಂದರೆ ನನ್ನ ಇನ್ನೂರು ಪುಟದ ನೋಟ್‌ಬುಕ್ಕು.
ಹಿತ್ತಿಲಲ್ಲಿ ಹೂತಿದ್ದ ಎತ್ತಿನ ಗಾಣ ಅಗೆದು ತೆಗೆದೆವಲ್ಲ,
ಅದಕ್ಕೆ ಯಾರು ಎಷ್ಟು ಹೊರೆ ಕಬ್ಬು ತಂದರು;
ನಾಲೆಯ ನೀರು ಯಾವ ಜಾವ ಯಾರ ಗದ್ದೆಗೆ;
ಬೋರಲಿಂಗನ ಹೆಂಡತಿ ಹೆತ್ತ ರಾತ್ರಿ
(ತಾರೀಖು ಗೊತ್ತಿಲ್ಲ, ಚಂದ್ರ ಅರ್ಧ ಇತ್ತು);
ಮೈಸೂರಿಂದ ರೈಲು ಹಳಿ ಹಿಡಿದು ನಡೆದು ಬಂದ ಜೋಸೆಫ್ ಕಿರಣ,
ಮನೆಮನೆಗೆ ಊಟ ಮುಟ್ಟಿಸುತ್ತಿದ್ದ ಅವನ ಬೆಚ್ಚನೆ ಚೀಲದಲ್ಲಿ
ಈಗ ತಾಯಿ ಸತ್ತ ಏಳು ಕೋಳಿಮರಿ.
ಚನ್ನಂಕೇಗೌಡ ಎರಡುಂಡೆ ಬೆಲ್ಲ ತಂದು
ಬದು ಎರಡು ಮಾರು ಆಚೆ ಬರಿ ಅಂದ.
ಬೆಲ್ಲ ತಿಂದೆ. ಬದು ಇದ್ದಲ್ಲೇ ಇದೆ.

ಶಾಯಿ, ಆಲೆಮನೆ ಕೊಪ್ಪರಿಗೆಯ ಮಸಿ, ಹರಳೆಣ್ಣೆ.
ಎಲ್ಲರ ಬೆಟ್ಟೂ ಸುಳಿ ಸುಳಿ,
ಯಾವುದು ಯಾರದೆಂದು ಬರಿಗಣ್ಣಿಗೆ ಹತ್ತುವುದಿಲ್ಲ.
ನಿಂಗಾಜಮ್ಮ ಒತ್ತಿದ್ದು
ಹುಣಸೆಬೀಜದಂಥ ನುಣ್ಣನೆ ಕಪ್ಪು.
ಪಕ್ಕದಲ್ಲಿ ಹೆಸರು ಬರೆಯಬೇಕಿಲ್ಲ.

ನಿನ್ನೆ ರಾತ್ರಿ ಎಲ್ಲಿಂದಲೋ
ಒಂದು ಗೆರೆ ಸಿಗ್ನಲ್ಲು ಬಂತು.
ಸೋಲಾರಿಗೆ ಸಿಕ್ಕಿಸಿದ್ದ ಫೋನು ಜಗಲಿಯ ಮೇಲೆ ನಡುಗಿತು.
ಬೀದಿಯೇ ಬಂದು ನಿಂತಿತು, ಮಕ್ಕಳನ್ನು ಎತ್ತಿಕೊಂಡು.
ಎಂಟು ತಿಂಗಳ ಹಿಂದಿನ ಸಂದೇಶ:
ನಿಮ್ಮ ಒಟಿಪಿ ೪೪೧೭. ಯಾರಿಗೂ ಹೇಳಬೇಡಿ.
ಗಟ್ಟಿಯಾಗಿ ಓದಿದೆ.

"ಅದೇನಂತೆ?" ಅಂದಳು ನಿಂಗಾಜಮ್ಮ, ಎಲೆಗೆ ಸುಣ್ಣ ಸವರುತ್ತ.
ಹತ್ತು ನಿಮಿಷ ಬದುಕುವ ಅಂಕಿ ಅಜ್ಜಿ, ಸತ್ತು ಎಂಟು ತಿಂಗಳಾಯ್ತು.
"ಬರ್ಕೊ ಅದ್ನೂವೆ, ಸತ್ತೋರ ಪುಟದಲ್ಲಿ."

ಬರೆದೆ.
ಮೂರನೇ ಜಾವದ ನೀರು ಜವರಯ್ಯನ ಗದ್ದೆಗೆ.
ಹೋಗಿ ಎಬ್ಬಿಸಬೇಕು ಅವನನ್ನು,
ಕೂಗಿದರೆ ಏಳುವ ಆಳಲ್ಲ.